ಗುಂಟೆಯನ್ನು ಅಳೆದ ಸರಪಳಿ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ನಾಲೆಯ ನೀರು ಹರಿಯುವ ಗದ್ದೆಗೆ ಚಿನ್ನದ ಬೆಲೆ. ಅಣ್ಣತಮ್ಮಂದಿರು ಪಾಲಾಗುವಾಗ ಒಂದು ಗುಂಟೆಯ ವ್ಯತ್ಯಾಸವೂ ತಲೆಮಾರಿನ ಮನಸ್ತಾಪಕ್ಕೆ ಕಾರಣವಾದೀತು. ಆ ಗುಂಟೆಯ ಲೆಕ್ಕ ಅಡಗಿರುವುದು ಕಬ್ಬಿಣದ ಸರಪಳಿಯೊಂದರಲ್ಲಿ ಎಂದರೆ ಅನೇಕರಿಗೆ ಸೋಜಿಗವೆನಿಸಬಹುದು.

ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 1620ರಲ್ಲಿ ರೂಪಿಸಿದ ಸರಪಳಿಯ ಉದ್ದ 66 ಅಡಿ. ಅದರ ಕೊಂಡಿಗಳು 100. ಅಂತಹ ಹತ್ತು ಚದರ ಸರಪಳಿಗಳು ಸೇರಿದರೆ ಸರಿಯಾಗಿ ಒಂದು ಎಕರೆ. ನಮ್ಮ ನಾಡಿನ ಮೋಜಣಿಯಲ್ಲಿ ರೂಢಿಗೆ ಬಂದುದು ಅದರ ಅರ್ಧ, ಎಂದರೆ 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ: 1,089 ಚದರ ಅಡಿ. ಅಂತಹ 40 ಗುಂಟೆಗೆ ಒಂದು ಎಕರೆ. ಅಂದಿನ ರೂಪಾಯಿಯಂತೆಯೇ ಸರಪಳಿಗೂ 16 ಆಣೆಗಳು. ಹತ್ತು ಸರಪಳಿ ಉದ್ದ, ಐದು ಸರಪಳಿ ಎಂಟು ಆಣೆ ಅಗಲದ ಗದ್ದೆ 55 ಗುಂಟೆ, ಅರ್ಥಾತ್ 1 ಎಕರೆ 15 ಗುಂಟೆ. ಅಡಿಗಳ ಗುಣಾಕಾರದ ಗೋಜೇ ಇಲ್ಲ!

ಆದರೆ ಹೊಲಗಳೆಲ್ಲ ಆಯತಾಕಾರವಾಗಿರುವುದಿಲ್ಲ. ಸರಪಳಿಗೋ ಕೋನವನ್ನು ಅಳೆಯಲು ಬಾರದು. ಆಗ ನೆರವಿಗೆ ಬರುವುದು ತ್ರಿಕೋನ. ನಾಲ್ಕು ಬದಿಗಳ ಉದ್ದ ತಿಳಿದರೂ ಚತುರ್ಭುಜದ ಆಕಾರ ಓಲಾಡಬಲ್ಲದು. ಮೂರು ಬದಿಗಳು ನಿಶ್ಚಿತವಾದ ತ್ರಿಕೋನಕ್ಕೆ ಮಾತ್ರ ಬೇರೆ ರೂಪವಿಲ್ಲ. ಆದುದರಿಂದ ಹೊಲದ ಮೂಲೆಯಿಂದ ಮೂಲೆಗೆ ಸರಪಳಿ ಎಳೆದು, ಅದನ್ನು ತ್ರಿಕೋನಗಳಾಗಿ ಒಡೆದು ಅಳೆಯುತ್ತಿದ್ದರು.

ಅಪಾಯವಿದ್ದುದು ಸರಪಳಿಯಲ್ಲಿಯೇ. ಎಳೆದೆಳೆದು ಬಳಸಿದಾಗ ಉಂಗುರಗಳು ಹಿಗ್ಗುತ್ತವೆ; ಬಿಸಿಲಿಗೆ ಲೋಹವೂ ನೀಳವಾಗುತ್ತದೆ. 33 ಅಡಿಯ ಸರಪಳಿ ನಾಲ್ಕೇ ಅಂಗುಲ ಹಿಗ್ಗಿತೆನ್ನಿ. ಉದ್ದದ ತಪ್ಪು ನೂರಕ್ಕೆ ಒಂದು. ಆದರೆ ಉದ್ದ, ಅಗಲ ಎರಡರಲ್ಲೂ ಅದೇ ತಪ್ಪು ನುಸುಳುವುದರಿಂದ ಕ್ಷೇತ್ರದಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಪೂರ್ಣ ಒಂದು ಎಕರೆ 39 ಗುಂಟೆ 3 ಆಣೆಯಷ್ಟೇ ಎಂದು ದಾಖಲಾಗುತ್ತದೆ. ಮಾರುವ ರೈತನಿಗೆ ಸುಮಾರು 867 ಚದರ ಅಡಿಯ ನಷ್ಟ. ಅಷ್ಟರಲ್ಲಿ ಒಂದು ಪುಟ್ಟ ಮನೆಯನ್ನೇ ಕಟ್ಟಬಹುದು! ಹೊಲ ಅಳೆಯುವ ಮುನ್ನ ಸರಪಳಿಯನ್ನೇ ಅಳೆದು ನೋಡಬೇಕೆಂಬ ನಿಯಮದ ಮರ್ಮ ಇದೇ.

ಇಂದು ಮೋಜಣಿಗೆ ವಿದ್ಯುನ್ಮಾನ ಯಂತ್ರಗಳು ಬಂದಿವೆ. 1957ರಲ್ಲಿ ದಶಮಾಂಶ ನಾಣ್ಯಗಳು ಬಂದ ಬಳಿಕ ಆಣೆ ಕ್ರಮೇಣ ಜೇಬಿನಿಂದ ಮರೆಯಾಯಿತು. ಆದರೆ ರೈತನ ಪಹಣಿಯಲ್ಲಿ ಎಕರೆ, ಗುಂಟೆಗಳ ಪಕ್ಕದಲ್ಲಿ ಅದು ಇನ್ನೂ ಉಳಿದಿದೆ. ಸರಪಳಿ ಮೂಲೆ ಸೇರಿದರೂ ಅದರ ಲೆಕ್ಕ ಮಣ್ಣನ್ನು ಬಿಟ್ಟಿಲ್ಲ.