‘ಕನ್ವರ್ಸಬಲ್’ ಎಂಬ ವಿಶೇಷಣ: ಅರ್ಥ ಮತ್ತು ಪ್ರಯೋಗ

ಆಂಗ್ಲ ಭಾಷೆಯಲ್ಲಿ ಸಂಭಾಷಣೆಗೆ ಸಂಬಂಧಿಸಿದ ವಿಶೇಷಣಗಳು ಹಲವಿವೆ. ಅವುಗಳಲ್ಲಿ ‘ಕನ್ವರ್ಸಬಲ್’ ಎಂಬುದು ಈಗ ವಿರಳಪ್ರಯೋಗವಾಗಿದೆ. ಹಳೆಯ ಗದ್ಯವನ್ನು ಓದುವಾಗ ಅದನ್ನು ಎದುರುಗೊಳ್ಳುವ ವಿದ್ಯಾರ್ಥಿಯು ‘ಮಾತುಗಾರ’ ಎಂದೋ ‘ವಾಚಾಳಿ’ ಎಂದೋ ಅರ್ಥಮಾಡಿಕೊಂಡು ಮುಂದೆ ಸಾಗುವುದುಂಟು. ಈ ಅರ್ಥವು ಸಾಲದೆಂದೂ, ಶಬ್ದದ ನಿಜಭಾವವನ್ನು ಅರಿಯದೆ ಕೆಲವು ಮುಖ್ಯ ಬರಹಗಳ ತಿರುಳು ದಕ್ಕದೆಂದೂ ತೋರಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲು ಶಬ್ದದ ಮೂಲವನ್ನು ನೋಡೋಣ. ಲ್ಯಾಟಿನ್ನಿನ ‘ಕನ್ವರ್ಸಾರಿ’ ಎಂಬ ಕ್ರಿಯಾಪದಕ್ಕೆ ಜೊತೆಯಲ್ಲಿ ಬಾಳು, ಬಳಕೆಯಿಂದಿರು ಎಂದರ್ಥ. ಇಂಗ್ಲಿಷಿನ ‘ಕನ್ವರ್ಸೇಷನ್’ ಶಬ್ದಕ್ಕೂ ಮೊದಲು ಇದ್ದುದು ನಡತೆ, ಸಹವಾಸ ಎಂಬ ಅರ್ಥಗಳೇ. 1611ರ ಬೈಬಲ್ ಭಾಷಾಂತರದಲ್ಲಿ ಆ ಶಬ್ದದಿಂದ ವಿವಕ್ಷಿತವಾದುದು ಬಾಳುವ ರೀತಿ. ‘ಮಾತುಕತೆ’ ಎಂದು ಓದಿದರೆ ವಾಕ್ಯಾರ್ಥವೇ ಕೆಡುತ್ತದೆ. ತನ್ನ ಹೆಂಡತಿಯೊಡನೆ ವ್ಯಭಿಚರಿಸಿದವನ ಮೇಲೆ ಗಂಡನು ಪರಿಹಾರಕ್ಕಾಗಿ ಹೂಡುತ್ತಿದ್ದ ದಾವೆಗೆ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ‘ಕ್ರಿಮಿನಲ್ ಕನ್ವರ್ಸೇಷನ್’ ಎಂಬ ಹೆಸರಿತ್ತು. 1857ರ ಕಾಯಿದೆಯಿಂದ ಅದು ರದ್ದಾಯಿತು. ಇಲ್ಲಿಯೂ ಶಬ್ದದ ಹಳೆಯ ಅರ್ಥವೇ ಉಳಿದುಬಂದಿತ್ತೆಂಬುದು ಸ್ಪಷ್ಟ.

ಹೀಗಿರಲು, ‘ಕನ್ವರ್ಸಬಲ್’ ಎಂದರೆ ಬಹಳ ಮಾತನಾಡುವವನಲ್ಲ. ಒಡನಾಟಕ್ಕೆ ಒದಗುವವನು, ಮಾತಿಗೆ ಸಿಗುವವನು. ಕನ್ನಡದ ‘ಒಡನಾಡು’ ಎಂಬ ಮಾತು ಈ ಭಾವಕ್ಕೆ ಬಹಳ ಹತ್ತಿರವಾದುದು: ‘ಆಡು’ ಎಂಬ ಧಾತುವಿನಲ್ಲಿ ಚಲಿಸುವುದೂ ನುಡಿಯುವುದೂ ಕೂಡಿಯೇ ಇವೆಯಷ್ಟೆ. ಸೋದರಶಬ್ದಗಳಿಂದಲೂ ಇದನ್ನು ಬೇರ್ಪಡಿಸಿಕೊಳ್ಳಬೇಕು. ‘ಕನ್ವರ್ಸೇಷನಲ್’ ಎಂಬುದನ್ನು ಹೆಚ್ಚಾಗಿ ಶೈಲಿಗೆ, ಧಾಟಿಗೆ ಹೇಳುತ್ತೇವೆ. ‘ಕನ್ವರ್ಸೆಂಟ್’ ಎಂಬುದು ಒಂದು ವಿಷಯದಲ್ಲಿ ಪರಿಚಯವುಳ್ಳವನಿಗೆ ಸಲ್ಲುತ್ತದೆ. ‘ಕನ್ವರ್ಸಬಲ್’ ಎಂಬುದು ವ್ಯಕ್ತಿಯ ಸ್ವಭಾವವನ್ನೂ ಅಂಥವರ ಸಮಾಜವನ್ನೂ ಕುರಿತದ್ದು. ‘ಕನ್ವರ್ಸಿಬಲ್’ ಎಂಬ ಕಾಗುಣಿತವೂ ಬಳಕೆಯಲ್ಲಿತ್ತು. 1755ರ ತನ್ನ ನಿಘಂಟಿನಲ್ಲಿ ಡಾಕ್ಟರ್ ಜಾನ್ಸನ್ನನು ಅದನ್ನು ಅಸಾಧುವೆಂದು ಎಣಿಸಿದನು.

ಈ ಶಬ್ದಕ್ಕೆ ತಾತ್ತ್ವಿಕ ಗೌರವವನ್ನು ತಂದುಕೊಟ್ಟವನು ಸ್ಕಾಟ್ಲೆಂಡಿನ ದಾರ್ಶನಿಕನಾದ ಡೇವಿಡ್ ಹ್ಯೂಮ್. ಪ್ರಬಂಧರಚನೆಯನ್ನು ಕುರಿತು 1742ರಲ್ಲಿ ಪ್ರಕಟಿಸಿ, ತಾನೇ ಮುಂದಿನ ಆವೃತ್ತಿಗಳಿಂದ ಕೈಬಿಟ್ಟ ಒಂದು ಲೇಖನದಲ್ಲಿ ಆತನು ಬುದ್ಧಿಜೀವಿಗಳನ್ನು ಎರಡು ಪಂಗಡವಾಗಿ ವಿಂಗಡಿಸುತ್ತಾನೆ: ಏಕಾಂತವನ್ನೂ ದೀರ್ಘ ಪರಿಶ್ರಮವನ್ನೂ ಬೇಡುವ ವ್ಯಾಸಂಗದಲ್ಲಿ ತೊಡಗಿದ ವಿದ್ವಜ್ಜನರು ಒಂದು; ಲೋಕವ್ಯವಹಾರವನ್ನು ಕುರಿತು ಪರಸ್ಪರ ವಿಚಾರವಿನಿಮಯದಲ್ಲಿ ಸುಖ ಕಾಣುವ ‘ಕನ್ವರ್ಸಿಬಲ್’ ಜನರು ಇನ್ನೊಂದು. ಇವರಿಬ್ಬರೂ ಬೇರೆಯಾದುದು ಹಿಂದಿನ ಯುಗದ ದೊಡ್ಡ ದೋಷವೆಂದು ಆತನ ಮತ. ವಿದ್ಯೆಯ ನೆರವಿಲ್ಲದೆ ಮಾತುಕತೆಯು ಹರಟೆಯಾಯಿತು. ಕಾಲೇಜುಗಳ ಕೋಣೆಗಳಲ್ಲಿ ಮುಚ್ಚಿಹೋದ ವಿದ್ಯೆಯೂ ಅಷ್ಟೇ ನಷ್ಟವನ್ನು ಅನುಭವಿಸಿತು. ಅನುಭವವು ದೊರೆಯುವುದು ಸಾಮಾನ್ಯ ಜೀವನದಲ್ಲಿ, ಜನರ ಮಾತುಕತೆಯಲ್ಲಿ. ಅಲ್ಲಿ ಅದನ್ನು ಅರಸದ ಪಂಡಿತರಿಂದ ಏನನ್ನು ನಿರೀಕ್ಷಿಸಬಹುದೆಂದು ಆತನು ಕೇಳುತ್ತಾನೆ. ತನ್ನನ್ನು ವಿದ್ವದ್ರಾಜ್ಯದಿಂದ ಸಂಭಾಷಣರಾಜ್ಯಕ್ಕೆ ಬಂದ ರಾಯಭಾರಿಯೆಂದು ಕರೆದುಕೊಳ್ಳುತ್ತಾನೆ. ‘ಕನ್ವರ್ಸಿಬಲ್’ ಎಂಬುದನ್ನು ‘ವಾಚಾಳಿ’ ಎಂದು ತಿಳಿದವನಿಗೆ ಈ ರಾಯಭಾರದ ಅಗತ್ಯವೇ ಅರ್ಥವಾಗದು.

ಇನ್ನೊಂದು ಪ್ರಯೋಗವು 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿದೆ. ಮಿತಭಾಷಿಯೂ ಗರ್ವಿಷ್ಠನೆಂದು ಹೆಸರಾದವನೂ ಆದ ಡಾರ್ಸಿಯು ತನಗೆ ಪ್ರಯೋಜನ ಕಂಡಾಗ ಮಾತ್ರ ‘ಕನ್ವರ್ಸಿಬಲ್’ ಸಂಗಾತಿಯಾಗಬಲ್ಲನೆಂದು ವಿಕಮ್ ಎಂಬ ಯುವಕನು ಎಲಿಜಬೆತ್ತಳಿಗೆ ಹೇಳುತ್ತಾನೆ. ಹೀಗೆ ಹೇಳುವ ವಿಕಮ್ ಮಾತಿನಲ್ಲಿ ಬಲು ಚತುರ. ಆದರೆ ಆತನ ಮಾತು ನಂಬತಕ್ಕದ್ದಲ್ಲವೆಂದು ಕಥೆಯ ಮುಂದಿನ ಭಾಗದಲ್ಲಿ ಬಯಲಾಗುತ್ತದೆ. ಅತ್ತ ಡಾರ್ಸಿಯಾದರೋ, ತನ್ನ ಎಸ್ಟೇಟಿಗೆ ಬಂದ ಲಂಡನ್ನಿನ ವರ್ತಕ ಗಾರ್ಡಿನರನೊಡನೆ ಅಂತಸ್ತಿನ ಭೇದವೆಣಿಸದೆ ಮಾತಿಗೆ ತೊಡಗಿ, ಅಲ್ಲಿಯ ಹೊಳೆಯಲ್ಲಿ ಮೀನು ಹಿಡಿಯಲು ಆಹ್ವಾನಿಸುತ್ತಾನೆ. ಶಬ್ದದ ಮೂಲಾರ್ಥದಲ್ಲಿ ‘ಕನ್ವರ್ಸಬಲ್’ ಆದವನು ಯಾರೆಂಬುದನ್ನು ಓದುಗನೇ ನಿರ್ಣಯಿಸಬಹುದು. ವಾಕ್ಚಾತುರ್ಯವು ಬೇರೆ, ಒಡನಾಟದ ಯೋಗ್ಯತೆಯು ಬೇರೆ ಎಂಬ ವಿವೇಕವು ಇಡೀ ಕಾದಂಬರಿಯಲ್ಲಿ ಕೆಲಸಮಾಡುತ್ತಿದೆ.

‘ಕನ್ವರ್ಸೇಷನ್’ ಶಬ್ದದ ಅರ್ಥವು ಸಹವಾಸದಿಂದ ಬರಿಯ ಮಾತಿಗೆ ಸಂಕುಚಿತವಾದಂತೆ ಈ ವಿಶೇಷಣವು ತನ್ನ ಆಧಾರವನ್ನು ಕಳೆದುಕೊಂಡು ಹಿಂದೆ ಸರಿಯಿತೆಂದು ನಮಗೆ ತೋರುತ್ತದೆ. ಶಬ್ದವು ಮರೆಯಾದರೂ ಅದು ಸೂಚಿಸುತ್ತಿದ್ದ ಗುಣದ ಅವಶ್ಯಕತೆಯು ಮರೆಯಾಗಿಲ್ಲ. ತರಗತಿಯಲ್ಲಿ ನಿರರ್ಗಳವಾಗಿ ಉಪನ್ಯಾಸ ಮಾಡಿ, ವಿದ್ಯಾರ್ಥಿಯ ಪ್ರಶ್ನೆಗೆ ಸಿಗದೆ ಹೋಗುವ ಅಧ್ಯಾಪಕನು ವಾಗ್ಮಿಯಾಗಿರಬಹುದು; ಹ್ಯೂಮನ ಅರ್ಥದಲ್ಲಿ ‘ಕನ್ವರ್ಸಿಬಲ್’ ಅಲ್ಲ. ಪದಪಾಠವನ್ನು ಹೇಳುವಾಗ ಈ ಭೇದವನ್ನೂ ವಿದ್ಯಾರ್ಥಿಗಳಿಗೆ ಮನಗಾಣಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.