ಕೈಯಿಂದ ಕೈಗೆ ಸಾಗುವ ಶಾಂತಿ

ದೇವರ ಮುಂದೆ ಪುಸ್ತಕ ನೋಡಿ ಪ್ರಾರ್ಥಿಸಬೇಕೇ, ಮನಸ್ಸಿಗೆ ಬಂದ ಮಾತಿನಲ್ಲೇ? ಕೇಳಲು ಸಣ್ಣ ಪ್ರಶ್ನೆ. ಆದರೆ 1662ರಲ್ಲಿ ಇಂಗ್ಲೆಂಡಿನ ಅಧಿಕೃತ ಪ್ರಾರ್ಥನಾ ಪುಸ್ತಕಕ್ಕೆ ಒಪ್ಪದ ನೂರಾರು ಪಾದ್ರಿಗಳು ಹುದ್ದೆ ಕಳೆದುಕೊಂಡರು, ಸಭೆಗಳೇ ಒಡೆದವು.

ಆ ಒಡಕು ಮಿಷನರಿಗಳೊಂದಿಗೆ ನಮ್ಮಲ್ಲಿಗೂ ಬಂತು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯವರು ಮದ್ರಾಸಿನಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆಯನ್ನು (ಸಿ.ಎಸ್.ಐ.) ಕಟ್ಟಿಕೊಂಡರು. ಬೆಂಗಳೂರಿನ ಆಂಗ್ಲಿಕನ್ನರ ಸೇಂಟ್ ಮಾರ್ಕ್ಸ್, ವೆಸ್ಲಿಯನ್ನರ ಹಡ್ಸನ್ ಚರ್ಚು ಎರಡೂ ಇದೇ ಸಭೆಗೆ ಸೇರಿದವು. ಇವರೆಲ್ಲ ಪ್ರಾರ್ಥಿಸುವುದು ಹೇಗೆ?

ಹೊಸ ಸಭೆ ಯಾವ ಕ್ರಮವನ್ನೂ ಹೇರಲಿಲ್ಲ. ಅವರವರ ಹಳೆಯ ಪದ್ಧತಿಗೆ ಅವಕಾಶವಿತ್ತು. 1950ರಲ್ಲಿ ಪ್ರಭುಭೋಜನಕ್ಕೆ ಹೊಸ ಆರಾಧನಾ ಕ್ರಮವೊಂದನ್ನು ರಚಿಸಿ, ಇಷ್ಟವಿದ್ದವರು ಬಳಸಲಿ ಎಂದಿತು. ಅದರಲ್ಲಿ ಗುರುಗಳು ಮೇಜಿನ ಹಿಂದೆ ಜನರಿಗೆ ಮುಖ ಮಾಡಿ ನಿಲ್ಲುತ್ತಾರೆ. ಬರೆದ ಪ್ರಾರ್ಥನೆಗಳ ಜೊತೆಗೆ ಸ್ವಂತ ಮಾತಿನ ಪ್ರಾರ್ಥನೆಗೂ ಎಡೆಯಿದೆ.

ಎಲ್ಲಕ್ಕಿಂತ ಗಮನ ಸೆಳೆಯುವುದು ಕೇರಳದ ಸಿರಿಯನ್ ಕ್ರೈಸ್ತರ ಪರಂಪರೆಯಿಂದ ಪಡೆದ ‘ಶಾಂತಿ’ಯ ವಿಧಿ. ಬಲ ಅಂಗೈಗೆ ಬಲ ಅಂಗೈ ತಾಗಿಸಿ, ಒಬ್ಬರ ಕೈಯನ್ನು ಇನ್ನೊಬ್ಬರು ಎಡಗೈಯಿಂದ ಮುಚ್ಚುತ್ತಾರೆ. ಗುರುಗಳಿಂದ ಹೊರಟ ಶಾಂತಿ ಸಾಲಿನಿಂದ ಸಾಲಿಗೆ ಸಾಗುತ್ತದೆ.

ಮಡಿ-ಮೈಲಿಗೆಯ ನಾಡಿದು. ಜಾತಿ ಚರ್ಚಿನ ಬಾಗಿಲಲ್ಲೇ ನಿಂತು ಹೋಗಲಿಲ್ಲ. ಒಳಗೂ ಬಂದು ಕೂತಿತ್ತು. ಅಂಥಲ್ಲಿ ಪಕ್ಕದವರು ಯಾರೆಂದು ಕೇಳದೆ ಕೈ ಹಿಡಿಯಿರಿ, ಆಮೇಲೆ ರೊಟ್ಟಿಗೆ ಕೈಚಾಚಿ ಎಂದು ವಿಧಿಯೇ ಹೇಳುವುದು ದೊಡ್ಡ ಮಾತು. ಇದರಿಂದ ಜಾತಿ ಅಳಿಯಿತೆನ್ನಲಾಗದು. ಆದರೆ ಪ್ರವಚನ ಕೇಳಿ ಮರೆಯಬಹುದು. ಚಾಚಿದ ಕೈಯನ್ನು ಕಾಣದಂತೆ ಕೂರುವುದು ಕಷ್ಟ.