ಎಂಆರ್‌ಐ ಹೇಳದೆ ಉಳಿಸುವ ಮಾತು

ಹದಿಹರೆಯದ ಹುಡುಗಿಯೊಬ್ಬಳು ಏಕಾಏಕಿ ನಿದ್ದೆಗೆಟ್ಟು ಅಸಂಬದ್ಧವಾಗಿ ಮಾತನಾಡತೊಡಗಿದರೆ ಮನೆಯವರು ‘ಗಾಳಿ ಸೋಕಿದೆ’ ಎನ್ನುತ್ತಾರೆ, ಇಲ್ಲವೇ ಮನೋರೋಗವೆಂದು ಭಾವಿಸುತ್ತಾರೆ. ಫಿಟ್ಸ್ ಕಾಣಿಸಿಕೊಂಡ ಮೇಲೆ ಮಿದುಳಿನ ಎಂಆರ್‌ಐ ನಡೆಯುತ್ತದೆ. ವರದಿ ‘ನಾರ್ಮಲ್’ ಎಂದು ಬಂದರೆ ಎಲ್ಲರಿಗೂ ನೆಮ್ಮದಿ. ಅಪಾಯವಿರುವುದು ಆ ನೆಮ್ಮದಿಯಲ್ಲೇ.

ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುವ ಕಾಯಿಲೆ ಆಟೊಇಮ್ಯೂನ್ ಎನ್‌ಸೆಫಲೈಟಿಸ್. ಇದರ ಪ್ರಮುಖ ಬಗೆಯೊಂದಕ್ಕೆ ಕಾರಣವಾದ ಎನ್‌ಎಂಡಿಎ ಗ್ರಾಹಕ ವಿರೋಧಿ ಪ್ರತಿಕಾಯವನ್ನು ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು 2007ರಲ್ಲಿ ಗುರುತಿಸಿದರು. ಮಕ್ಕಳು ಮತ್ತು ಯುವತಿಯರೇ ಇದಕ್ಕೆ ಹೆಚ್ಚಾಗಿ ತುತ್ತಾಗುವವರು. 577 ರೋಗಿಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದವರ ಪೈಕಿ ಎಂಆರ್‌ಐನಲ್ಲಿ ದೋಷ ಕಂಡದ್ದು ಮೂವರಲ್ಲಿ ಒಬ್ಬರಿಗೆ ಮಾತ್ರ. ಇಇಜಿಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ. ಎಂಆರ್‌ಐ ತೋರಿಸುವುದು ಮಿದುಳಿನ ರಚನೆಯನ್ನು. ಇಲ್ಲಿ ಕೆಡುವುದು ನರಕೋಶಗಳ ನಡುವಣ ಸಂವಹನ.

ಹಾಗೆಂದು ಸ್ಕ್ಯಾನ್ ವ್ಯರ್ಥವಲ್ಲ. ಗೆಡ್ಡೆ, ಕೀವುಗಡ್ಡೆ, ಪಾರ್ಶ್ವವಾಯು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಅದು ಬೇಕೇಬೇಕು. ಯುವತಿಯರಲ್ಲಿ ಅಂಡಾಶಯದ ಗೆಡ್ಡೆಯೂ ಈ ಕಾಯಿಲೆಯ ಮೂಲವಾಗಿರಬಹುದಾದ್ದರಿಂದ ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಅಗತ್ಯ. ಆದರೆ ರೋಗ ನಿರ್ಧಾರವಾಗುವುದು ಬೆನ್ನಿನಿಂದ ತೆಗೆದ ದ್ರವದಲ್ಲಿ ಪ್ರತಿಕಾಯವನ್ನು ಪತ್ತೆ ಮಾಡುವುದರಿಂದ.

ಮುಧೋಳದಿಂದ ಬೆಂಗಳೂರಿನ ನಿಮ್ಹಾನ್ಸ್ ಸುಮಾರು 500 ಕಿಲೋಮೀಟರ್. ಕಬ್ಬಿನ ಹಣ ಕೈಸೇರುವವರೆಗೆ ಸಾಲದಲ್ಲೇ ದಿನದೂಡುವ ಕುಟುಂಬಕ್ಕೆ ಆ ದೂರವೂ ಒಂದು ವೆಚ್ಚ. ರೋಗಿ ಪ್ರಯಾಣಿಸುವುದಕ್ಕಿಂತ ಮಾದರಿ ಪ್ರಯಾಣಿಸುವುದು ಅಗ್ಗ ಎಂಬುದನ್ನು ಅರಿಯಲು ನಾನು ಓದಿದ ಅರ್ಥಶಾಸ್ತ್ರವೇನೂ ಬೇಕಿಲ್ಲ. ಸೋಂಕು ಮೊದಲಾದ ಇತರ ಕಾರಣಗಳನ್ನು ತಳ್ಳಿಹಾಕಿದ ಬಳಿಕ, ಬಲವಾದ ಶಂಕೆಯಿದ್ದಲ್ಲಿ ಪ್ರತಿಕಾಯದ ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸಬಹುದೆಂದು 2016ರಲ್ಲಿ ಅಂತರರಾಷ್ಟ್ರೀಯ ತಜ್ಞರು ಸೂಚಿಸಿದ್ದಾರೆ. 2013ರ ಅಧ್ಯಯನದಲ್ಲಿ ಎರಡು ವರ್ಷಗಳವರೆಗೆ ಗಮನಿಸಲಾದವರ ಪೈಕಿ ಸುಮಾರು ಶೇ 80ರಷ್ಟು ಮಂದಿ ಉತ್ತಮವಾಗಿ ಚೇತರಿಸಿಕೊಂಡಿದ್ದರು. ಚಿಕಿತ್ಸೆ ಬೇಗ ದೊರೆತಷ್ಟೂ ಫಲ ಹೆಚ್ಚು.

ಸರ್ಕಾರಗಳಿಗೆ ಯಂತ್ರ ಉದ್ಘಾಟಿಸುವುದರಲ್ಲಿ ಉತ್ಸಾಹ ಸಹಜ; ಯಂತ್ರಕ್ಕೆ ಫಲಕ ಹಾಕಬಹುದು, ಕಾರ್ಯವಿಧಾನಕ್ಕೆ ಹಾಕಲಾಗದು. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕದ ಮಿದುಳು ಆರೋಗ್ಯ ಕಾರ್ಯಕ್ರಮ ಇದಕ್ಕೆ ತಕ್ಕ ವೇದಿಕೆ. ಜಿಲ್ಲಾಸ್ಪತ್ರೆಗಳಲ್ಲಿ ಇಇಜಿ, ಮಾದರಿ ಸಾಗಣೆಯ ವ್ಯವಸ್ಥೆ, ಬಡವರ ಪರೀಕ್ಷೆ ಹಾಗೂ ಔಷಧದ ವೆಚ್ಚ ಭರಿಸುವ ಆದೇಶ, ಈ ಮೂರನ್ನು ಸರ್ಕಾರ ಒದಗಿಸಲಿ. ‘ನಾರ್ಮಲ್’ ಎಂಬ ಒಂದೇ ಪದವನ್ನು ನಂಬಿ ಚೇತರಿಸಿಕೊಳ್ಳಬಹುದಾಗಿದ್ದ ಮಗುವನ್ನು ಮನೆಗೆ ಕಳುಹಿಸುವುದು ಆಗ ತಪ್ಪೀತು.